ಗೇಮಿಂಗ್ ಮತ್ತು ಚಲನಚಿತ್ರ ವೀಕ್ಷಣೆಗೆ ಮಾನಿಟರ್ ಆಯ್ಕೆ

ಮಾನಿಟರ್ ಎಂಬುದು ಗಣಕಯಂತ್ರದಲ್ಲಿ ಸಿದ್ಧವಾಗುವ ಚಿತ್ರ ಮತ್ತು ಅಕ್ಷರಗಳನ್ನು ಪರದೆಯ ಮೇಲೆ ತೋರಿಸುವ ಸಾಧನ. ಆಟ ಆಡುವುದಕ್ಕೂ ಚಲನಚಿತ್ರ ನೋಡುವುದಕ್ಕೂ ಒಂದೇ ಮಾನಿಟರನ್ನು ಕೊಳ್ಳುವಾಗ ಎರಡು ಭಿನ್ನ ಬೇಡಿಕೆಗಳನ್ನು ಹೊಂದಿಸಬೇಕಾಗುತ್ತದೆ. ಆಟಕ್ಕೆ ಮುಖ್ಯವಾಗಿ ವೇಗ ಬೇಕು. ಚಲನಚಿತ್ರಕ್ಕೆ ಗಾಢವಾದ ಕಪ್ಪು, ನಿಖರ ಬಣ್ಣ ಮತ್ತು ಕುಳಿತ ದೂರಕ್ಕೆ ತಕ್ಕ ಗಾತ್ರ ಬೇಕು. ಈ ಎಲ್ಲ ಗುಣಗಳೂ ಕಡಿಮೆ ಬೆಲೆಯ ಒಂದೇ ಪರದೆಯಲ್ಲಿ ಸಿಗುವುದು ವಿರಳ. ಆದ್ದರಿಂದ ಬಳಕೆದಾರರ ಗಣಕಯಂತ್ರದ ಸಾಮರ್ಥ್ಯ, ಕೋಣೆಯ ಬೆಳಕು ಮತ್ತು ನೋಡುವ ದೂರ ಇವು ಪೆಟ್ಟಿಗೆಯ ಮೇಲೆ ಮುದ್ರಿತವಾದ ಅಂಕಿಗಳಿಗಿಂತ ಹೆಚ್ಚು ನಿರ್ಣಾಯಕವಾಗುತ್ತವೆ.

ದಾವಣಗೆರೆ ನಗರ ಮತ್ತು ಅದರಿಂದ ಸುಮಾರು 14 ಕಿ.ಮೀ. ದೂರದಲ್ಲಿರುವ ಹರಿಹರದಂತಹ ಸ್ಥಳಗಳಲ್ಲಿ ಈ ಆಯ್ಕೆಗೆ ಮತ್ತೊಂದು ಮುಖವಿದೆ. ಬಾಪೂಜಿ ಇಂಜಿನಿಯರಿಂಗ್ ಕಾಲೇಜು, ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜು, ದಾವಣಗೆರೆ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯ ಮುಂತಾದ ಸಂಸ್ಥೆಗಳಿರುವ ಈ ಭಾಗದಲ್ಲಿ ವಿದ್ಯಾರ್ಥಿಯೊಬ್ಬರ ಮಾನಿಟರ್ ಹಗಲು ಓದಿಗೆ, ಸಂಜೆ ಆಟಕ್ಕೆ, ರಾತ್ರಿ ಮನೆಮಂದಿಯ ಸಿನಿಮಾಕ್ಕೆ ಬಳಕೆಯಾಗುವುದು ಸಾಮಾನ್ಯ. ಗಣಕಯಂತ್ರದ ಉಳಿದ ಭಾಗಗಳನ್ನು ಬದಲಾಯಿಸಿದ ಮೇಲೂ ಮಾನಿಟರ್ ಹಲವು ವರ್ಷ ಉಳಿಯುವುದರಿಂದ ಒಮ್ಮೆ ಮಾಡಿದ ಆಯ್ಕೆಯ ಪರಿಣಾಮ ದೀರ್ಘಕಾಲದ್ದು.

ಗಾತ್ರ, ರೆಸಲ್ಯೂಶನ್ ಮತ್ತು ದೂರ

ಪರದೆಯ ಗಾತ್ರವನ್ನು ಮೂಲೆಯಿಂದ ಮೂಲೆಗೆ ಇಂಚುಗಳಲ್ಲಿ ಅಳೆಯಲಾಗುತ್ತದೆ. ರೆಸಲ್ಯೂಶನ್ ಎಂದರೆ ಪರದೆಯಲ್ಲಿರುವ ಪಿಕ್ಸೆಲ್‌ಗಳ, ಅಂದರೆ ಚಿತ್ರಬಿಂದುಗಳ ಸಂಖ್ಯೆ. ಒಂದೇ ರೆಸಲ್ಯೂಶನ್ ದೊಡ್ಡ ಪರದೆಯಲ್ಲಿ ಹರಡಿದಾಗ ಪ್ರತಿ ಪಿಕ್ಸೆಲ್ ದೊಡ್ಡದಾಗಿ ಕಾಣುತ್ತದೆ. ಸಾಮಾನ್ಯ ದೃಷ್ಟಿಯುಳ್ಳವರು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಸೂಕ್ಷ್ಮತೆಯನ್ನು ಗುರುತಿಸಬಲ್ಲರು ಎಂಬ ಲೆಕ್ಕದಲ್ಲಿ, ಬಿಡಿ ಪಿಕ್ಸೆಲ್‌ಗಳು ಕಣ್ಣಿಗೆ ಕಾಣದಂತಾಗುವ ದೂರ ಹೀಗಿದೆ:

| ಪರದೆ | ಪಿಕ್ಸೆಲ್‌ಗಳು | ಇಂಚಿಗೆ ಪಿಕ್ಸೆಲ್ | ಪಿಕ್ಸೆಲ್ ಮರೆಯಾಗುವ ದೂರ |
|---|---|---|---|
| 24 ಇಂಚು ಫುಲ್ ಎಚ್‌ಡಿ | 1920×1080 | ಸುಮಾರು 92 | 95 ಸೆಂ.ಮೀ. |
| 27 ಇಂಚು ಫುಲ್ ಎಚ್‌ಡಿ | 1920×1080 | ಸುಮಾರು 82 | 107 ಸೆಂ.ಮೀ. |
| 27 ಇಂಚು ಕ್ಯೂಎಚ್‌ಡಿ | 2560×1440 | ಸುಮಾರು 109 | 80 ಸೆಂ.ಮೀ. |
| 32 ಇಂಚು 4ಕೆ | 3840×2160 | ಸುಮಾರು 138 | 63 ಸೆಂ.ಮೀ. |

ಮೇಜಿನ ಮುಂದೆ ಕುಳಿತವರ ಕಣ್ಣಿನಿಂದ ಪರದೆಗೆ ಸಾಮಾನ್ಯವಾಗಿ 60ರಿಂದ 75 ಸೆಂ.ಮೀ. ಅಂತರವಿರುತ್ತದೆ. ಈ ದೂರದಲ್ಲಿ 27 ಇಂಚಿನ ಫುಲ್ ಎಚ್‌ಡಿ ಪರದೆ ಒರಟಾಗಿ ಕಾಣುತ್ತದೆ. ಅದೇ ಗಾತ್ರದ ಕ್ಯೂಎಚ್‌ಡಿ ಪರದೆ ಸಾಕಷ್ಟು ನಯವಾಗಿರುತ್ತದೆ.

ಕನ್ನಡ ಓದುಗರಿಗೆ ಈ ವ್ಯತ್ಯಾಸ ಇನ್ನೂ ಸ್ಪಷ್ಟ. ಕನ್ನಡ ಲಿಪಿಯಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಚಿಕ್ಕ ಗಾತ್ರದಲ್ಲಿ ಮೂಡುತ್ತವೆ. ‘ಬ’ ಮತ್ತು ‘ಭ’, ‘ದ’ ಮತ್ತು ‘ಧ’ ಅಕ್ಷರಗಳನ್ನು ಬೇರ್ಪಡಿಸುವುದು ಕೆಳಭಾಗದ ಒಂದು ಸಣ್ಣ ಸೀಳು ಮಾತ್ರ. ಪಿಕ್ಸೆಲ್ ಸಾಂದ್ರತೆ ಕಡಿಮೆಯಿದ್ದರೆ ‘ರಾಷ್ಟ್ರ’, ‘ಸ್ತ್ರೀ’ಯಂತಹ ಪದಗಳ ಒತ್ತುಗಳು ಒಂದಕ್ಕೊಂದು ಅಂಟಿಕೊಂಡಂತೆ ತೋರುತ್ತವೆ. ಟಿಪ್ಪಣಿ ಓದುವುದಕ್ಕೂ ಇದೇ ಪರದೆ ಬಳಕೆಯಾಗುವುದಾದರೆ 24 ಇಂಚಿಗೆ ಫುಲ್ ಎಚ್‌ಡಿ, 27 ಇಂಚಿಗೆ ಕ್ಯೂಎಚ್‌ಡಿ ಎಂಬುದು ಸುರಕ್ಷಿತ ಜೋಡಿ.

ಚಲನಚಿತ್ರಕ್ಕೆ ಪರದೆಯ ಅಗಲವು ನೋಟದಲ್ಲಿ ಸುಮಾರು 30 ಡಿಗ್ರಿ ಕೋನವನ್ನಾದರೂ ತುಂಬಬೇಕೆಂಬುದು ಪ್ರಚಲಿತ ಮಾರ್ಗಸೂಚಿ. 24 ಇಂಚಿನ ಪರದೆಯಲ್ಲಿ ಇದು ಸುಮಾರು 1 ಮೀಟರ್ ದೂರಕ್ಕೆ, 27 ಇಂಚಿನಲ್ಲಿ 1.1 ಮೀಟರ್‌ಗೆ, 32 ಇಂಚಿನಲ್ಲಿ 1.3 ಮೀಟರ್‌ಗೆ ಸಾಧ್ಯ. ಎರಡು ಮೀಟರ್ ದೂರದ ಮಂಚದಿಂದ ನೋಡುವವರಿಗೆ 27 ಇಂಚಿನ ಪರದೆ ಕೇವಲ 17 ಡಿಗ್ರಿ ತುಂಬುತ್ತದೆ. ಮನೆಮಂದಿಯೆಲ್ಲ ದೂರ ಕುಳಿತು ಸಿನಿಮಾ ನೋಡುವುದೇ ಮುಖ್ಯ ಉದ್ದೇಶವಾದರೆ ಅದೇ ಹಣಕ್ಕೆ ದೊಡ್ಡ ಟಿ.ವಿ. ಹೆಚ್ಚು ಉಪಯುಕ್ತ.

ರಿಫ್ರೆಶ್ ದರ

ಪರದೆಯು ಒಂದು ಸೆಕೆಂಡಿನಲ್ಲಿ ಎಷ್ಟು ಬಾರಿ ಚಿತ್ರವನ್ನು ಹೊಸದಾಗಿ ಮೂಡಿಸುತ್ತದೆ ಎಂಬುದೇ ರಿಫ್ರೆಶ್ ದರ. ಇದನ್ನು ಹರ್ಟ್ಜ್‌ಗಳಲ್ಲಿ ಹೇಳಲಾಗುತ್ತದೆ. 60 ಹರ್ಟ್ಜ್ ಪರದೆಯಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್, 144 ಹರ್ಟ್ಜ್ ಪರದೆಯಲ್ಲಿ 6.9 ಮಿಲಿಸೆಕೆಂಡ್, 240 ಹರ್ಟ್ಜ್ ಪರದೆಯಲ್ಲಿ 4.2 ಮಿಲಿಸೆಕೆಂಡ್ ನಿಲ್ಲುತ್ತದೆ. 60ರಿಂದ 144ಕ್ಕೆ ಏರಿದಾಗ ಸುಮಾರು 10 ಮಿಲಿಸೆಕೆಂಡ್ ಉಳಿತಾಯವಾದರೆ, 144ರಿಂದ 240ಕ್ಕೆ ಏರಿದಾಗ ಉಳಿಯುವುದು 3 ಮಿಲಿಸೆಕೆಂಡ್‌ಗಿಂತ ಕಡಿಮೆ. ಹಾಗಾಗಿ ಮೊದಲ ಹೆಜ್ಜೆಯ ಲಾಭ ಬಹುತೇಕ ಎಲ್ಲರಿಗೂ ಗೋಚರಿಸುತ್ತದೆ. ನಂತರದ ಹೆಜ್ಜೆಯ ಲಾಭ ಮುಖ್ಯವಾಗಿ ಸ್ಪರ್ಧಾತ್ಮಕ ಆಟಗಾರರಿಗೆ ಸೀಮಿತ.

ಆದರೆ ಈ ಲಾಭ ಸಿಗಬೇಕಾದರೆ ಗಣಕಯಂತ್ರವೂ ಅಷ್ಟೇ ವೇಗದಲ್ಲಿ ಚಿತ್ರಗಳನ್ನು ರಚಿಸಬೇಕು. ಫುಲ್ ಎಚ್‌ಡಿಯ ಒಂದು ಚಿತ್ರದಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿದ್ದರೆ, ಕ್ಯೂಎಚ್‌ಡಿಯಲ್ಲಿ 36.9 ಲಕ್ಷ, 4ಕೆಯಲ್ಲಿ 82.9 ಲಕ್ಷ ಪಿಕ್ಸೆಲ್‌ಗಳಿರುತ್ತವೆ. ಅಂದರೆ 4ಕೆ ಪರದೆ ಗ್ರಾಫಿಕ್ಸ್ ಕಾರ್ಡಿನ ಮೇಲೆ ಫುಲ್ ಎಚ್‌ಡಿಯ ನಾಲ್ಕು ಪಟ್ಟು ಹೊರೆ ಹಾಕುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಗಣಕಯಂತ್ರಕ್ಕೆ 4ಕೆ ಮಾನಿಟರ್ ಜೋಡಿಸಿದರೆ ಸಿನಿಮಾ ಚೆನ್ನಾಗಿ ಕಾಣಬಹುದು, ಆದರೆ ಭಾರಿ ಆಟಗಳು ತಡವರಿಸುತ್ತವೆ.

ಚಿತ್ರ ರಚನೆಯ ವೇಗ ಏರಿಳಿದಾಗ ಪರದೆಯಲ್ಲಿ ಚಿತ್ರ ಅಡ್ಡಲಾಗಿ ಹರಿದಂತೆ ಕಾಣುವುದುಂಟು. ಇದನ್ನು ತಡೆಯಲು ಪರದೆಯ ರಿಫ್ರೆಶ್ ದರವೇ ಗ್ರಾಫಿಕ್ಸ್ ಕಾರ್ಡನ್ನು ಅನುಸರಿಸುವ ತಂತ್ರಜ್ಞಾನ ಬಂದಿದೆ. ಎನ್‌ವಿಡಿಯಾ 2013ರಲ್ಲಿ ಜಿ-ಸಿಂಕ್ ಪ್ರಕಟಿಸಿತು. 2014ರಲ್ಲಿ ವೆಸಾ ಸಂಸ್ಥೆ ಅಡಾಪ್ಟಿವ್-ಸಿಂಕ್ ಅನ್ನು ಡಿಸ್‌ಪ್ಲೇಪೋರ್ಟ್ ಮಾನಕಕ್ಕೆ ಸೇರಿಸಿತು. ಎಎಂಡಿಯ ಫ್ರೀಸಿಂಕ್ ಇದನ್ನು ಆಧರಿಸಿದೆ. 2019ರಿಂದ ಎನ್‌ವಿಡಿಯಾ ಕಾರ್ಡುಗಳೂ ಅಡಾಪ್ಟಿವ್-ಸಿಂಕ್ ಮಾನಿಟರ್‌ಗಳೊಂದಿಗೆ ಕೆಲಸ ಮಾಡತೊಡಗಿದವು. ಮಧ್ಯಮ ಶಕ್ತಿಯ ಗಣಕಯಂತ್ರಗಳಲ್ಲಿ ಆಟದ ವೇಗ ಹೆಚ್ಚು ಏರಿಳಿಯುವುದರಿಂದ ಅಂತಹ ಬಳಕೆದಾರರಿಗೆ ಈ ಸೌಲಭ್ಯದ ಪ್ರಯೋಜನ ಅಧಿಕ.

ಚಲನಚಿತ್ರಗಳಿಗೂ ರಿಫ್ರೆಶ್ ದರಕ್ಕೂ ಸಂಬಂಧವಿದೆ. ಬಹುತೇಕ ಚಲನಚಿತ್ರಗಳು ಸೆಕೆಂಡಿಗೆ 24 ಚಿತ್ರಗಳಂತೆ ತಯಾರಾಗುತ್ತವೆ. 60 ಎಂಬ ಸಂಖ್ಯೆ 24ರಿಂದ ಸಮವಾಗಿ ಭಾಗವಾಗುವುದಿಲ್ಲ. ಆದ್ದರಿಂದ 60 ಹರ್ಟ್ಜ್ ಪರದೆ ಒಂದು ಚಿತ್ರವನ್ನು ಎರಡು ಬಾರಿ, ಮುಂದಿನದನ್ನು ಮೂರು ಬಾರಿ ತೋರಿಸುತ್ತದೆ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಸರಿಯುವ ದೃಶ್ಯಗಳಲ್ಲಿ ಕಾಣುವ ಸಣ್ಣ ಕುಲುಕಾಟಕ್ಕೆ ಇದೇ ಕಾರಣ. 120 ಹರ್ಟ್ಜ್‌ನಲ್ಲಿ ಪ್ರತಿ ಚಿತ್ರ 5 ಬಾರಿ, 144 ಹರ್ಟ್ಜ್‌ನಲ್ಲಿ 6 ಬಾರಿ ಸಮವಾಗಿ ಬರುತ್ತದೆ. 165 ಹರ್ಟ್ಜ್ ಮಾನಿಟರ್ ಇರುವವರು ಸಿನಿಮಾ ನೋಡುವಾಗ ಅದನ್ನು 144 ಅಥವಾ 120ಕ್ಕೆ ಇಳಿಸಿಕೊಳ್ಳಬಹುದು. ದೂರದರ್ಶನದ ಪ್ರಸಾರಕ್ಕಾಗಿ ಸೆಕೆಂಡಿಗೆ 25 ಚಿತ್ರಗಳಂತೆ ದಾಖಲಾದ ಹಳೆಯ ಕಾರ್ಯಕ್ರಮಗಳಿಗೆ 75 ಅಥವಾ 100 ಹರ್ಟ್ಜ್ ಹೊಂದುತ್ತದೆ. ಮನೆಯ ವಿದ್ಯುತ್ತಿನ 50 ಹರ್ಟ್ಜ್‌ಗೂ ಪರದೆಯ ರಿಫ್ರೆಶ್ ದರಕ್ಕೂ ಯಾವ ಸಂಬಂಧವೂ ಇಲ್ಲ.

ಪ್ಯಾನೆಲ್‌ನ ಬಗೆಗಳು

- ಟಿಎನ್: ಹಳೆಯ, ವೇಗದ ಮತ್ತು ಅಗ್ಗದ ಬಗೆ. ಪಕ್ಕದಿಂದ ಅಥವಾ ಕೆಳಗಿನಿಂದ ನೋಡಿದಾಗ ಬಣ್ಣ ಬದಲಾಗುತ್ತದೆ. ಚಲನಚಿತ್ರಕ್ಕೆ ಸೂಕ್ತವಲ್ಲ.
- ಐಪಿಎಸ್: ಬಣ್ಣ ಮತ್ತು ನೋಟದ ಕೋನ ಉತ್ತಮ. ಹಲವರು ಒಟ್ಟಿಗೆ ಕುಳಿತು ನೋಡಲು ಅನುಕೂಲ. ಬಿಳುಪು ಮತ್ತು ಕಪ್ಪಿನ ನಡುವಿನ ಕಾಂಟ್ರಾಸ್ಟ್ ಅನುಪಾತ ಸಾಮಾನ್ಯವಾಗಿ 1000:1ರ ಆಸುಪಾಸಿನಲ್ಲಿದ್ದು, ಕತ್ತಲೆ ಕೋಣೆಯಲ್ಲಿ ಕಪ್ಪು ಬಣ್ಣ ಬೂದುಬೂದಾಗಿ ತೋರುತ್ತದೆ.
- ವಿಎ: ಕಾಂಟ್ರಾಸ್ಟ್ ಸಾಮಾನ್ಯವಾಗಿ 3000:1 ಅಥವಾ ಹೆಚ್ಚು. ರಾತ್ರಿಯ ದೃಶ್ಯಗಳು ಚೆನ್ನಾಗಿ ಮೂಡುತ್ತವೆ. ಅಗ್ಗದ ಮಾದರಿಗಳಲ್ಲಿ ಕಪ್ಪು ವಸ್ತುಗಳು ಚಲಿಸುವಾಗ ಹಿಂದೆ ಮಸಿ ಬಳಿದಂತೆ ನೆರಳು ಉಳಿಯುವುದು ಇದರ ಕೊರತೆ.
- ಓಎಲ್‌ಇಡಿ: ಪ್ರತಿ ಪಿಕ್ಸೆಲ್ ತಾನೇ ಬೆಳಗುವುದರಿಂದ ಕಪ್ಪು ಸಂಪೂರ್ಣ ಕಪ್ಪಾಗಿರುತ್ತದೆ, ವೇಗವೂ ಅತ್ಯಧಿಕ. ಬೆಲೆ ಹೆಚ್ಚು. ಆಟದ ಅಂಕಪಟ್ಟಿ, ಟಾಸ್ಕ್‌ಬಾರ್‌ನಂತಹ ಕದಲದ ಚಿತ್ರಗಳು ದೀರ್ಘಕಾಲ ಇದ್ದರೆ ಪರದೆಯಲ್ಲಿ ಶಾಶ್ವತ ಗುರುತು ಉಳಿಯುವ ಸಂಭವವಿದೆ.

ಪೆಟ್ಟಿಗೆಯ ಮೇಲಿನ ‘1 ಮಿಲಿಸೆಕೆಂಡ್’ ಎಂಬ ಪ್ರತಿಕ್ರಿಯಾ ಸಮಯವನ್ನು ಎಚ್ಚರಿಕೆಯಿಂದ ಓದಬೇಕು. ಒಂದು ಬೂದು ಛಾಯೆಯಿಂದ ಇನ್ನೊಂದಕ್ಕೆ ಪಿಕ್ಸೆಲ್ ಬದಲಾಗಲು ಬೇಕಾದ ಸಮಯವನ್ನು ತಯಾರಕರು ಅತ್ಯಂತ ಅನುಕೂಲಕರ ಸ್ಥಿತಿಯಲ್ಲಿ ಅಳೆದು ಮುದ್ರಿಸುತ್ತಾರೆ. ಆ ವೇಗ ಪಡೆಯಲು ‘ಓವರ್‌ಡ್ರೈವ್’ ಅನ್ನು ಅತಿಯಾಗಿ ಏರಿಸಿದರೆ ಚಲಿಸುವ ವಸ್ತುಗಳ ಹಿಂದೆ ಬಿಳಿ ಅಂಚು ಕಾಣಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಮಧ್ಯಮ ಹಂತವೇ ಉತ್ತಮ ಫಲ ನೀಡುತ್ತದೆ.

ಚಿತ್ರದ ಆಕಾರ

ಇಂದಿನ ಹೆಚ್ಚಿನ ಮಾನಿಟರ್‌ಗಳ ಅಗಲ ಮತ್ತು ಎತ್ತರದ ಅನುಪಾತ 16:9. ಚಲನಚಿತ್ರಗಳು ಇದೇ ಆಕಾರದಲ್ಲಿ ಇರುವುದಿಲ್ಲ. ‘ಬೇಡರ ಕಣ್ಣಪ್ಪ’ದಂತಹ (1954) ಕಪ್ಪು-ಬಿಳುಪು ಚಿತ್ರಗಳು ಹೆಚ್ಚುಕಡಿಮೆ ಚೌಕಾಕಾರಕ್ಕೆ ಹತ್ತಿರವಾದ ಚೌಕಟ್ಟಿನವು, ಅವನ್ನು ತೋರಿಸುವಾಗ ಪರದೆಯ ಎಡಬಲಗಳಲ್ಲಿ ಕಪ್ಪು ಪಟ್ಟಿ ಉಳಿಯುತ್ತದೆ. ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ ‘ಸೊಸೆ ತಂದ ಸೌಭಾಗ್ಯ’ (1977). ಆ ಬಗೆಯ ಅಗಲ ಚೌಕಟ್ಟಿನ ಚಿತ್ರಗಳಲ್ಲಿ ಪಟ್ಟಿಗಳು ಮೇಲೆ ಮತ್ತು ಕೆಳಗೆ ಬರುತ್ತವೆ. 24 ಇಂಚಿನ ಪರದೆಯ ಎತ್ತರ ಸುಮಾರು 30 ಸೆಂ.ಮೀ.; 2.39:1 ಅನುಪಾತದ ಚಿತ್ರ ಅದರಲ್ಲಿ ಸುಮಾರು 22 ಸೆಂ.ಮೀ. ಮಾತ್ರ ತುಂಬುತ್ತದೆ. ಪರದೆಯ ಕಾಲು ಭಾಗ ಎರಡು ಗಂಟೆಗೂ ಹೆಚ್ಚು ಕಾಲ ಕಪ್ಪಾಗಿಯೇ ಇರುತ್ತದೆ. ಆ ಕಪ್ಪು ಬೂದುಬಣ್ಣಕ್ಕೆ ತಿರುಗಿದರೆ ಗಮನ ಅಲ್ಲಿಗೇ ಹೋಗುವುದರಿಂದ, ರಾತ್ರಿ ದೀಪ ಆರಿಸಿ ಸಿನಿಮಾ ನೋಡುವವರಿಗೆ ವಿಎ ಅಥವಾ ಓಎಲ್‌ಇಡಿ ಹಿತಕರ.

3440×1440 ಪಿಕ್ಸೆಲ್‌ಗಳ ಅಲ್ಟ್ರಾವೈಡ್ ಮಾನಿಟರ್‌ಗಳು ಸಿನಿಮಾಸ್ಕೋಪ್ ಚಿತ್ರಗಳನ್ನು ಬಹುತೇಕ ಪೂರ್ಣವಾಗಿ ತುಂಬುತ್ತವೆ. ಆದರೆ ಧಾರಾವಾಹಿ, ಕ್ರಿಕೆಟ್ ಮತ್ತು ಹಳೆಯ ಚಿತ್ರಗಳು ಅವುಗಳಲ್ಲಿ ಚಿಕ್ಕದಾಗಿ ಕಾಣುತ್ತವೆ.

ಎಚ್‌ಡಿಆರ್ ಮತ್ತು ಬಣ್ಣ

ಎಚ್‌ಡಿಆರ್ ಎಂದರೆ ಅತಿ ಬೆಳಕು ಮತ್ತು ಅತಿ ಕತ್ತಲೆಯ ವಿವರಗಳನ್ನು ಒಟ್ಟಿಗೆ ತೋರಿಸುವ ವಿಧಾನ. ವೆಸಾ ಸಂಸ್ಥೆ 2017ರ ಡಿಸೆಂಬರ್‌ನಲ್ಲಿ ‘ಡಿಸ್‌ಪ್ಲೇಎಚ್‌ಡಿಆರ್’ ದರ್ಜೆಗಳನ್ನು ಪ್ರಕಟಿಸಿತು. ದರ್ಜೆಯ ಸಂಖ್ಯೆ ಪರದೆಯ ಗರಿಷ್ಠ ಪ್ರಕಾಶವನ್ನು ಸೂಚಿಸುತ್ತದೆ. ಆರಂಭಿಕ 400ರ ದರ್ಜೆಯ ಅನೇಕ ಮಾನಿಟರ್‌ಗಳಲ್ಲಿ ಪರದೆಯ ಬೇರೆ ಬೇರೆ ಭಾಗಗಳ ಹಿಂಬೆಳಕನ್ನು ಪ್ರತ್ಯೇಕವಾಗಿ ನಿಯಂತ್ರಿಸುವ ವ್ಯವಸ್ಥೆ ಇರುವುದಿಲ್ಲ. ಅಂತಹವುಗಳಲ್ಲಿ ಎಚ್‌ಡಿಆರ್‌ನ ಪರಿಣಾಮ ಅತ್ಯಲ್ಪ. ಕೇವಲ ‘ಎಚ್‌ಡಿಆರ್ ಬೆಂಬಲಿತ’ ಎಂಬ ಬರಹಕ್ಕಾಗಿ ಹೆಚ್ಚು ಹಣ ತೆರುವುದು ಲಾಭದಾಯಕವಲ್ಲ. ವಿನ್ಯಾಸ ಮತ್ತು ಚಿತ್ರಕಲೆಯ ವಿದ್ಯಾರ್ಥಿಗಳು ಎಸ್‌ಆರ್‌ಜಿಬಿ ಬಣ್ಣವ್ಯಾಪ್ತಿಯ ಶೇ. 99ರಷ್ಟಾದರೂ ತೋರಿಸುವ ಐಪಿಎಸ್ ಪರದೆ ಆರಿಸಿಕೊಳ್ಳುವುದು ಸೂಕ್ತ.

ಕೇಬಲ್ ಮತ್ತು ಸಂಪರ್ಕ

ಮಾನಿಟರ್ ಉತ್ತಮವಾಗಿದ್ದರೂ ಸಂಪರ್ಕ ದುರ್ಬಲವಾದರೆ ಅದರ ಸಾಮರ್ಥ್ಯ ವ್ಯರ್ಥ. ಎಚ್‌ಡಿಎಂಐ 2.0 ಮೂಲಕ 4ಕೆ ಚಿತ್ರವನ್ನು 60 ಹರ್ಟ್ಜ್‌ವರೆಗೆ, ಎಚ್‌ಡಿಎಂಐ 2.1 ಅಥವಾ ಡಿಸ್‌ಪ್ಲೇಪೋರ್ಟ್ 1.4 ಮೂಲಕ 120 ಹರ್ಟ್ಜ್‌ವರೆಗೆ ಕಳುಹಿಸಬಹುದು. ಪ್ಲೇಸ್ಟೇಷನ್ 5ರಲ್ಲಿ ಡಿಸ್‌ಪ್ಲೇಪೋರ್ಟ್ ಇಲ್ಲ. ಅದು ಎಚ್‌ಡಿಎಂಐ ಮಾತ್ರ ಬಳಸುತ್ತದೆ. 2022ರ ಸೆಪ್ಟೆಂಬರ್‌ನ ಪರಿಷ್ಕರಣೆಯ ನಂತರ ಅದು ಕ್ಯೂಎಚ್‌ಡಿಯನ್ನೂ ಬೆಂಬಲಿಸುತ್ತದೆ. ಕೆಲವು ಸ್ಟ್ರೀಮಿಂಗ್ ಸೇವೆಗಳು 4ಕೆ ಚಿತ್ರ ನೀಡಲು ಮಾನಿಟರ್‌ನಲ್ಲಿ ಎಚ್‌ಡಿಸಿಪಿ 2.2 ಎಂಬ ನಕಲು-ತಡೆ ವ್ಯವಸ್ಥೆಯನ್ನು ಅಪೇಕ್ಷಿಸುತ್ತವೆ.

ಹೊಸ ಮಾನಿಟರ್ ಜೋಡಿಸಿದಾಗ ವಿಂಡೋಸ್ ಹಲವೊಮ್ಮೆ 60 ಹರ್ಟ್ಜ್‌ನಲ್ಲಿಯೇ ಉಳಿಯುತ್ತದೆ. ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ವಿಭಾಗದಲ್ಲಿ ಅದನ್ನು ಏರಿಸದಿದ್ದರೆ ಹೆಚ್ಚು ವೇಗಕ್ಕೆ ತೆತ್ತ ಹಣದ ಫಲ ಸಿಗುವುದಿಲ್ಲ. ಕೇಬಲನ್ನು ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸದೆ ಗ್ರಾಫಿಕ್ಸ್ ಕಾರ್ಡಿನ ಕಿಂಡಿಗೇ ಸಿಕ್ಕಿಸುವುದೂ ಅಗತ್ಯ.

ದಾವಣಗೆರೆ ಮತ್ತು ಹರಿಹರದ ಪರಿಸ್ಥಿತಿ

ಮಧ್ಯ ಕರ್ನಾಟಕದ ಈ ಬಯಲು ಪ್ರದೇಶದಲ್ಲಿ ಬೇಸಿಗೆಯ ಬಿಸಿಲು ಪ್ರಖರ. ಕಿಟಕಿಯ ಎದುರು ಇಟ್ಟ ಹೊಳಪು ಮೇಲ್ಮೈಯ ಪರದೆಯಲ್ಲಿ ಹಗಲು ನೋಡುವವರ ಪ್ರತಿಬಿಂಬವೇ ಕಾಣುತ್ತದೆ. ಹಗಲಿನ ಬಳಕೆಗೆ ಹೊಳಪಿಲ್ಲದ ಮ್ಯಾಟ್ ಮೇಲ್ಮೈ ಮತ್ತು 300 ನಿಟ್ಸ್ ಆಸುಪಾಸಿನ ಪ್ರಕಾಶವುಳ್ಳ ಪರದೆ ಅನುಕೂಲಕರ. ಕಿಟಕಿ ಪರದೆಯ ಪಕ್ಕಕ್ಕೆ ಬರುವಂತೆ ಮೇಜನ್ನು ತಿರುಗಿಸಿದರೆ ಖರ್ಚಿಲ್ಲದೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಬಹುತೇಕ ಮಾನಿಟರ್‌ಗಳನ್ನು 40 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣಾಂಶದಲ್ಲಿ ಬಳಸಲು ತಯಾರಿಸಲಾಗಿರುತ್ತದೆ. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನಗಳಲ್ಲಿ, ವಿಶೇಷವಾಗಿ ತಗಡು ಅಥವಾ ಸಿಮೆಂಟ್ ಶೀಟ್ ಹೊದಿಸಿದ ಕೋಣೆಗಳಲ್ಲಿ, ಹಿಂಭಾಗದ ಗಾಳಿಕಿಂಡಿಗಳನ್ನು ಗೋಡೆಗೆ ಒತ್ತರಿಸದೆ ಬಿಡಬೇಕು.

ಈ ಭಾಗಕ್ಕೆ ಬೆಸ್ಕಾಂ ವಿದ್ಯುತ್ ಪೂರೈಸುತ್ತದೆ. ಹೆಚ್ಚಿನ ಮಾನಿಟರ್‌ಗಳು 100ರಿಂದ 240 ವೋಲ್ಟ್‌ವರೆಗೆ ಕೆಲಸ ಮಾಡುವುದರಿಂದ ವೋಲ್ಟೇಜ್ ಇಳಿತ ಅವುಗಳಿಗೆ ದೊಡ್ಡ ಅಪಾಯವಲ್ಲ. ಮುಂಗಾರಿಗೆ ಮೊದಲು ಬರುವ ಗುಡುಗು-ಸಿಡಿಲಿನ ಮಳೆಯೇ ನಿಜವಾದ ಅಪಾಯ. ಸಿಡಿಲಿನ ಸಮಯದಲ್ಲಿ ಸ್ವಿಚ್ ಆರಿಸುವುದಷ್ಟೇ ಸಾಲದು. ಮಾನಿಟರ್ ಮತ್ತು ಗಣಕಯಂತ್ರದ ಪ್ಲಗ್‌ಗಳ ಜೊತೆಗೆ ಇಂಟರ್ನೆಟ್‌ನ ತಾಮ್ರದ ತಂತಿಯನ್ನೂ ಕಳಚಬೇಕು. ಈ ಕೆಲಸವನ್ನು ಸಿಡಿಲು ಸಮೀಪಿಸುವ ಮುನ್ನವೇ ಮುಗಿಸಬೇಕು. ಸುಮಾರು 25 ವ್ಯಾಟ್ ಬಳಸುವ 24 ಇಂಚಿನ ಎಲ್‌ಇಡಿ ಮಾನಿಟರ್ ದಿನಕ್ಕೆ 6 ಗಂಟೆ ಉರಿದರೆ ತಿಂಗಳಿಗೆ 4.5 ಯೂನಿಟ್ ವಿದ್ಯುತ್ ವ್ಯಯವಾಗುತ್ತದೆ.

ಭದ್ರಾ ನಾಲೆಯ ನೀರಿನಿಂದ ಬೆಳೆಯುವ ಭತ್ತದ ಗದ್ದೆಗಳ ಸಮೀಪದ ಮನೆಗಳಲ್ಲಿ ರಾತ್ರಿ ದೀಪದ ಬೆಳಕಿಗೆ ಸಣ್ಣ ಹುಳುಗಳು ಮುತ್ತುತ್ತವೆ. ಅತಿ ಚಿಕ್ಕ ಕೀಟಗಳು ಪರದೆಯ ಪದರಗಳ ನಡುವೆ ಸೇರಿಕೊಳ್ಳುವುದುಂಟು. ಆಗ ಪರದೆಯನ್ನು ಒತ್ತಿದರೆ ಹುಳು ಅಲ್ಲೇ ಸತ್ತು ಶಾಶ್ವತ ಚುಕ್ಕೆಯಾಗಿ ಉಳಿಯುತ್ತದೆ. ಮಾನಿಟರ್ ಆರಿಸಿ ಪಕ್ಕದಲ್ಲಿ ಬೇರೊಂದು ದೀಪ ಉರಿಸಿದರೆ ಅದು ತಾನಾಗಿ ಹೊರಬರುವ ಸಾಧ್ಯತೆಯಿದೆ. ದೂಳನ್ನು ಒಣ ಮೈಕ್ರೋಫೈಬರ್ ಬಟ್ಟೆಯಿಂದ ಮೃದುವಾಗಿ ಒರೆಸಬೇಕು. ಗಾಜು ಒರೆಸುವ ದ್ರಾವಣಗಳು ಮ್ಯಾಟ್ ಲೇಪವನ್ನು ಹಾಳುಮಾಡಬಲ್ಲವು.

ಖರೀದಿ, ಖಾತರಿ ಮತ್ತು ದೂರು

ಮಾನಿಟರ್‌ಗಳು ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿಗೆ ಒಳಪಟ್ಟಿವೆ. ಹಿಂಭಾಗದ ಚೀಟಿಯಲ್ಲಿ ಐಎಸ್ 13252 ಮಾನಕ ಮತ್ತು ನೋಂದಣಿ ಸಂಖ್ಯೆ ಇರುವುದನ್ನು ನೋಡಿಕೊಳ್ಳಬೇಕು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಮಾನಿಟರ್‌ಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಚಿಕ್ಕ ಮಾನಿಟರ್‌ಗಳಿಗೂ ಇದೇ ದರವಿರುವುದರಿಂದ ಗಾತ್ರದ ಮೇಲಿನ ತೆರಿಗೆ ವ್ಯತ್ಯಾಸ ಇಲ್ಲವಾಯಿತು.

ಅಂಗಡಿಯಲ್ಲಿ ಕೊಳ್ಳುವಾಗ ಪೂರ್ಣ ಕಪ್ಪು, ಬಿಳಿ, ಕೆಂಪು, ಹಸಿರು ಮತ್ತು ನೀಲಿ ಚಿತ್ರಗಳನ್ನು ಪರದೆ ತುಂಬ ತೋರಿಸಿ ಸತ್ತ ಪಿಕ್ಸೆಲ್‌ಗಳಿವೆಯೇ ಎಂದು ಪರೀಕ್ಷಿಸಬಹುದು. ಒಂದೆರಡು ಸತ್ತ ಪಿಕ್ಸೆಲ್‌ಗಳನ್ನು ಅನೇಕ ತಯಾರಕರು ದೋಷವೆಂದು ಒಪ್ಪುವುದಿಲ್ಲ. ಆದ್ದರಿಂದ ಖಾತರಿಯ ಷರತ್ತನ್ನು ಮೊದಲೇ ಓದಬೇಕು. ಆನ್‌ಲೈನ್‌ನಲ್ಲಿ ಕೊಳ್ಳುವವರು ಪೆಟ್ಟಿಗೆ ತೆರೆಯುವುದನ್ನು ವಿಡಿಯೋ ಮಾಡಿಟ್ಟುಕೊಂಡರೆ ಸಾಗಣೆಯಲ್ಲಿ ಒಡೆದ ಪರದೆಯ ಕುರಿತು ಪುರಾವೆ ದೊರೆಯುತ್ತದೆ. ಮನೆಬಾಗಿಲಿನ ರಿಪೇರಿ ಸೇವೆ ಪಿನ್‌ಕೋಡ್ ಆಧಾರಿತವಾಗಿರುತ್ತದೆ. ಹರಿಹರದ ಗ್ರಾಹಕರು ದಾವಣಗೆರೆಯ ಪಿನ್‌ಕೋಡ್ ಬದಲು ತಮ್ಮ 577601 ಅನ್ನೇ ನಮೂದಿಸಿ ಸೇವೆ ಲಭ್ಯವಿದೆಯೇ ಎಂದು ತಿಳಿಯಬೇಕು. ಸೇವೆ ಇಲ್ಲದಿದ್ದರೆ ಮೂರು ವರ್ಷದ ಖಾತರಿಯಿದ್ದೂ ಮಾನಿಟರನ್ನು ಹೊತ್ತು ದೂರದ ಊರಿಗೆ ಹೋಗಬೇಕಾಗುತ್ತದೆ. ಈ ಕಾರಣಕ್ಕಾಗಿ ಮೂಲ ಪೆಟ್ಟಿಗೆ ಮತ್ತು ಥರ್ಮೋಕೋಲನ್ನು ಖಾತರಿ ಮುಗಿಯುವವರೆಗೆ ಕಾಯ್ದಿಡುವುದು ಒಳ್ಳೆಯದು.

ಮಾರಾಟಗಾರರು ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಬೇರೆ ರಾಜ್ಯದ ಮಾರಾಟಗಾರರಿಂದ ಆನ್‌ಲೈನ್‌ನಲ್ಲಿ ಕೊಂಡ ಹರಿಹರದ ಗ್ರಾಹಕರಿಗೂ ದಾವಣಗೆರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಅವಕಾಶವಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕವಿಲ್ಲ. ಇದಕ್ಕೆಲ್ಲ ತೆರಿಗೆ ಬಿಲ್ಲು ಮುಖ್ಯ ಆಧಾರ.

ಬಳಕೆಗೆ ತಕ್ಕ ಆಯ್ಕೆ

- ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದವರು ಅಥವಾ ಸಾಧಾರಣ ಕಾರ್ಡ್ ಇರುವವರು, ಓದು ಮತ್ತು ಲಘು ಆಟಗಳಿಗೆ: 24 ಇಂಚು, ಫುಲ್ ಎಚ್‌ಡಿ, ಐಪಿಎಸ್, 100ರಿಂದ 144 ಹರ್ಟ್ಜ್.
- ಮಧ್ಯಮ ಶಕ್ತಿಯ ಕಾರ್ಡ್, ಆಟ ಮತ್ತು ಸಿನಿಮಾ ಸಮಸಮ: 27 ಇಂಚು, ಕ್ಯೂಎಚ್‌ಡಿ, ಐಪಿಎಸ್, 144 ಹರ್ಟ್ಜ್ ಅಥವಾ ಹೆಚ್ಚು, ಅಡಾಪ್ಟಿವ್-ಸಿಂಕ್.
- ಒಬ್ಬರೇ ಕತ್ತಲೆ ಕೋಣೆಯಲ್ಲಿ ಹೆಚ್ಚಾಗಿ ಸಿನಿಮಾ ನೋಡುವವರು: ಉತ್ತಮ ವಿಎ, ಹಣಕಾಸು ಅನುಕೂಲವಿದ್ದರೆ ಓಎಲ್‌ಇಡಿ.
- 4ಕೆ ಚಲನಚಿತ್ರ ಮತ್ತು ಪ್ಲೇಸ್ಟೇಷನ್ 5ರಂತಹ ಕನ್ಸೋಲ್: 27 ಅಥವಾ 32 ಇಂಚು, 4ಕೆ, ಎಚ್‌ಡಿಎಂಐ 2.1.

ಮಾನಿಟರ್‌ಗಳ ಒಳಗಿನ ಸ್ಪೀಕರ್‌ಗಳು ಸಾಮಾನ್ಯವಾಗಿ ದುರ್ಬಲ. ಕೆಲವು ಮಾದರಿಗಳಲ್ಲಿ ಇರುವುದೇ ಇಲ್ಲ. ಹೆಡ್‌ಫೋನ್ ಅಥವಾ ಪ್ರತ್ಯೇಕ ಸ್ಪೀಕರ್‌ಗೆ ಸ್ವಲ್ಪ ಹಣ ಮೀಸಲಿಟ್ಟು, ಉಳಿದ ಮೊತ್ತದಲ್ಲಿ ಪರದೆ ಆರಿಸುವುದು ಸಿನಿಮಾಪ್ರಿಯರಿಗೆ ಹೆಚ್ಚು ತೃಪ್ತಿ ನೀಡುತ್ತದೆ.

ಹಳೆಯ ಮಾನಿಟರ್‌ನ ವಿಲೇವಾರಿ

ಹಳೆಯ ಸಿಆರ್‌ಟಿ ಮಾನಿಟರ್‌ಗಳ ಗಾಜಿನಲ್ಲಿ ಸೀಸವೂ, ಮೊದಲ ತಲೆಮಾರಿನ ಎಲ್‌ಸಿಡಿಗಳ ಹಿಂಬೆಳಕಿನ ಕೊಳವೆಗಳಲ್ಲಿ ಪಾದರಸವೂ ಇರುತ್ತವೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರ ಅಡಿಯಲ್ಲಿ ಇಂತಹ ತ್ಯಾಜ್ಯದ ಮರುಬಳಕೆಯ ಹೊಣೆ ತಯಾರಕರದ್ದು. ಕೆಲಸ ಮಾಡುವ ಹಳೆಯ ಮಾನಿಟರನ್ನು ಎರಡನೇ ಪರದೆಯಾಗಿ ಬಳಸಬಹುದು ಅಥವಾ ಅಗತ್ಯವಿರುವ ವಿದ್ಯಾರ್ಥಿಗೆ ನೀಡಬಹುದು. ಕೆಟ್ಟುಹೋದದ್ದನ್ನು ಗುಜರಿಗೆ ಹಾಕಿ ಒಡೆಸದೆ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಬೇಕು.